ಅಬ್ಬಾನ ಮೂಗು ಹೋದ ವರ್ಷ

ಬ್ಯಾಡಗಿಯ ನಮ್ಮ ಮನೆಯಲ್ಲಿ ಮೂರು ಕೋಣೆಗಳೂ ಒಂದು ಮೂಗೂ ಇದ್ದವು. ಕೋಣೆಗಳನ್ನು ನಾವು ನಾಲ್ವರು ಹಂಚಿಕೊಂಡಿದ್ದೆವು. ಮೂಗು ಮಾತ್ರ ಅಬ್ಬಾನದು. ಅಬ್ಬಾನ ತಾಯಿ ದಾದಿ, ಅಮ್ಮಿ ಮತ್ತು ನನ್ನ ಮುಖದ ಮೇಲೆ ಇದ್ದವು ಉಸಿರಾಡುವುದಕ್ಕಷ್ಟೇ ಸಾಕಾಗುವಂಥವು, ಅವನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅಬ್ಬಾ, ಅಂದರೆ ಖಾದರಸಾಬ, ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಶಿವಪ್ಪ ಸಾಹುಕಾರರೆಂಬ ವ್ಯಾಪಾರಿಯ ಕಡೆಯಿಂದ ಮಾಲು ನೋಡುವ ಕೆಲಸ ಮಾಡುತ್ತಿದ್ದ. ಸೋಮವಾರ ಮತ್ತು ಗುರುವಾರ ಕೆಂಪು ರಾಶಿಗಳ ನಡುವೆ ನಡೆಯುತ್ತ, ಒಂದು ಹಿಡಿ ಕಾಯಿ ಎತ್ತಿ, ಅದರಲ್ಲೊಂದನ್ನು ಮುರಿದು, ಮೂಗಿಗೆ ಹಿಡಿದು, ಇದು ಈ ವರ್ಷದ್ದು, ಇದರಲ್ಲಿ ಕೋಲ್ಡ್ ಸ್ಟೋರೇಜಿನ ಹಳೆಯದು ಸೇರಿದೆ, ಇದರೊಳಗೆ ಬೂಸ್ಟು ಹಿಡಿಯತೊಡಗಿದೆ ಎಂದು ಹೇಳಬೇಕು. ಬಣ್ಣ, ಸುಕ್ಕು, ಅಲುಗಿಸಿದಾಗ ಬೀಜ ಮಾಡುವ ಸದ್ದು, ಇವು ಮಾರ್ಕೆಟ್ಟಿನಲ್ಲಿ ಎಲ್ಲರಿಗೂ ತಿಳಿಯುತ್ತವೆ. ಒಳಗಿನ ಬೂಸ್ಟು ಹೊರಗೆ ಕಾಣುವ ಮೊದಲೇ ತಿಳಿಯಬೇಕೆಂದರೆ ಮೂಗು ಬೇಕು. ಅಂಥ ಮೂಗು ಅಬ್ಬಾನಿಗಿತ್ತು, ಅದಕ್ಕೆ ನಾವೆಲ್ಲ ಸೇವಕರಾಗಿದ್ದೆವು.

ಮಾರ್ಕೆಟ್ಟಿನ ಹಿಂದಿನ ದಿನಗಳಾದ ರವಿವಾರ ಮತ್ತು ಬುಧವಾರ ನಮ್ಮ ಮನೆಗೆ ವಾಸನೆಯ ಕರ್ಫ್ಯೂ. ಮೀನು ಹುರಿಯುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಅಮ್ಮಿ ತಲೆಗೆ ಘಮಘಮಿಸುವ ಎಣ್ಣೆ ಹಾಕುವಂತಿಲ್ಲ. ರಾಣೆಬೆನ್ನೂರಿನಲ್ಲಿ ಅತ್ತರಿನ ಅಂಗಡಿ ಇಟ್ಟಿದ್ದ ನನ್ನ ಮಾಮು ಊರಿಗೇ ಬರುವಂತಿಲ್ಲ. ಒಮ್ಮೆ ಮರೆತು ಬುಧವಾರ ಬಂದವನನ್ನು ಅಬ್ಬಾ ಹೊರಗಿನ ಕಟ್ಟೆಯ ಮೇಲೆ ಕೂಡಿಸಿ, ಕಿಟಕಿಯಿಂದ ಚಹಾ ಕೊಟ್ಟು, ಹಾಗೆಯೇ ಬಸ್ಸಿಗೆ ಕಳಿಸಿದ್ದ. ದಾದಿಯ ತವರು ತುಂಗಭದ್ರೆಯ ದಂಡೆಯ ಐರಣಿ. ಹೊಳೆಮೀನು ಕಂಡರೆ ಆಕೆಗೆ ತವರೇ ಎದ್ದು ಬಂದಂತೆ. ವಾರಕ್ಕೆ ಎರಡು ದಿನ ಆಕೆ ಹೆತ್ತ ಮಗನ ಮೂಗನ್ನು ಬೈಯುತ್ತ ಬೇಳೆಸಾರು ಉಣ್ಣುತ್ತಿದ್ದಳು. ನಮ್ಮ ಮನೆಯಲ್ಲಿ ಉರ್ದುವೂ ಕನ್ನಡವೂ ನಡೆಯುತ್ತಿದ್ದವು: ಪ್ರೀತಿ ಮತ್ತು ಪ್ರಾರ್ಥನೆ ಉರ್ದುವಿನಲ್ಲಿ, ಜಗಳ ಮತ್ತು ವ್ಯವಹಾರ ಕನ್ನಡದಲ್ಲಿ. ನಾನು ಹೇಳಹೊರಟ ವರ್ಷ ಹೆಚ್ಚಾಗಿ ಕನ್ನಡವೇ ನಡೆಯಿತು.

ನಾನಾಗ ಏಳನೆಯ ತರಗತಿಯಲ್ಲಿದ್ದೆ. ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವ ಚಟ ಅಷ್ಟೊತ್ತಿಗೇ ಅಂಟಿತ್ತು: ಎಷ್ಟು ರೊಟ್ಟಿ ಆದವು, ಯಾರು ಎಷ್ಟು ತಿಂದರು, ದಾದಿ ಎಷ್ಟು ಸಲ ತನ್ನ ಸಾವಿನ ಬೆದರಿಕೆ ಹಾಕಿದಳು. ಈಗ ಹಾವೇರಿಯಲ್ಲಿ ಪಿಯುಸಿ ಓದುತ್ತಿದ್ದೇನೆ, ಚಟ ಬಿಟ್ಟಿಲ್ಲ. ಆದರೂ ಇಲ್ಲಿ ತಾರೀಖುಗಳನ್ನು ಪಕ್ಕಕ್ಕಿಟ್ಟು ನಡೆದದ್ದನ್ನಷ್ಟೇ ಹೇಳುತ್ತೇನೆ.

ಕೊರೊನಾದ ಎರಡನೆಯ ಬೇಸಿಗೆಯಲ್ಲಿ ಅಬ್ಬಾನಿಗೆ ಜ್ವರ ಬಂತು, ಹೋಯಿತು. ಮಾರ್ಕೆಟ್ ಬಂದಾಗಿತ್ತು, ಅಬ್ಬಾನ ನಿಯಮಗಳು ಮಾತ್ರ ತೆರೆದೇ ಇದ್ದವು. ಲಾಕ್‌ಡೌನಿನಲ್ಲಿ ವಾರಗಳ ಲೆಕ್ಕ ತಪ್ಪಿದ್ದ ದಾದಿ ಒಂದು ಸಂಜೆ ಮಂಗಳವಾರವೆಂದು ತಿಳಿದು ಮೀನು ಹುರಿಯತೊಡಗಿದಳು. ಒಂದು ಬದಿ ಬೆಂದು ಮಗುಚಿ ಹಾಕುವ ಹೊತ್ತಿಗೆ ನಾನು ಹೋಗಿ ಇವತ್ತು ಬುಧವಾರ ಎಂದೆ. ಅದೇ ಗಳಿಗೆಯಲ್ಲಿ ಅಬ್ಬಾ ನಮಾಜು ಮುಗಿಸಿ ನಡುಮನೆಗೆ ಬಂದು ಕುಳಿತ. ಅಡುಗೆಮನೆಯಲ್ಲಿ ನಾವು ಮೂವರು ಹೆಣ್ಣುಮಕ್ಕಳು ಉಸಿರು ಹಿಡಿದು ನಿಂತೆವು.

"ಇವತ್ತೇನ ಮಾಡೀರಿ ಊಟಕ್ಕ?" ಅಬ್ಬಾ ಅಲ್ಲಿಂದಲೇ ಕೇಳಿದ.

"ನೀವ ಹೇಳ್ರಿ," ಎಂದಳು ಅಮ್ಮಿ. ತಪ್ಪಿತಸ್ಥಳಂತೆ ಮೊದಲೇ ಸೆರಗು ಹೊದ್ದುಕೊಂಡಿದ್ದಳು.

"ಬ್ಯಾಳಿ ಸಾರೇನ?"

ಹಂಚಿನ ಮೇಲೆ ಮೀನು ಚುರುಗುಡುತ್ತಿತ್ತು. ದಾದಿ ನನ್ನ ಬಾಯಿಗೆ ಕೈ ಅಡ್ಡ ಇಟ್ಟು, "ಹೌದಪಾ, ಬ್ಯಾಳಿ ಸಾರ" ಎಂದಳು.

ಆದರೆ ತಾಟಿನಲ್ಲಿ ಬೇಳೆಸಾರು ಇರಬೇಕಲ್ಲ. ಬೇರೇನೂ ಮಾಡಿರಲಿಲ್ಲವಾದ್ದರಿಂದ ಅಮ್ಮಿ ಮೀನನ್ನೇ ಬಡಿಸಿದಳು. ಅಬ್ಬಾ ಮೀನನ್ನು ನೋಡಿದ, ನಮ್ಮನ್ನು ನೋಡಿದ. ತುಂಡನ್ನೆತ್ತಿ ಮೂಗಿಗೆ ಹಿಡಿದ. ಬಹಳ ಹೊತ್ತು ಹಿಡಿದೇ ಇದ್ದ. ಆಮೇಲೆ ಅದನ್ನು ಕೆಳಗಿಟ್ಟು ಕೈ ತೊಳೆದುಕೊಂಡ. ಬೈಯಲಿಲ್ಲ. ಅಬ್ಬಾ ಬೈಯದಿದ್ದರೆ ಮನೆ ಎಷ್ಟು ಹೆದರುತ್ತದೆ ಎಂಬುದು ನನಗೆ ಅವತ್ತೇ ಗೊತ್ತಾದದ್ದು. ದಾದಿ ಕೂಡ ಮೀನು ಮುಟ್ಟಲಿಲ್ಲ, ಬೆಕ್ಕಿಗೆ ಹಬ್ಬವಾಯಿತು.

ಆಮೇಲಿನ ಕೆಲವು ವಾರ ಮನೆಗೆ ಸ್ವಾತಂತ್ರ್ಯ ಬಂತು, ಆದರೆ ಬಾವುಟ ಹಾರಿಸುವ ಮನಸ್ಸು ಯಾರಿಗೂ ಇರಲಿಲ್ಲ. ಅಮ್ಮಿ ಬೇಕಾದ ದಿನ ಎಣ್ಣೆ ಹಚ್ಚಿಕೊಂಡಳು. ಮಾಮು ಒಂದು ಬುಧವಾರ ಇಡೀ ಮದುವೆ ಮಂಟಪದಂತೆ ಘಮಘಮಿಸುತ್ತ ಬಂದು ಒಳಗೇ ಕುಳಿತ. ಅಬ್ಬಾ ಅವನ ಪಕ್ಕದಲ್ಲಿ ಕುಳಿತು ತಲೆಯಾಡಿಸಿದ. ಅದನ್ನು ಕಂಡು ಮಾಮುವಿಗೇ ಅಳು ಬಂತು. ಹೊಸ ಮೆಣಸಿನಕಾಯಿ ಚಳಿಗಾಲಕ್ಕೆ ಮಾರ್ಕೆಟ್ಟಿಗೆ ಬರುತ್ತದೆ. ಅಷ್ಟರೊಳಗೆ ಮೂಗು ಬರದಿದ್ದರೆ ಅಬ್ಬಾನಿಗೆ ಅಲ್ಲಿ ಕೆಲಸವಿಲ್ಲ. ಬೇರೆ ಕೆಲಸ ಅವನಿಗೆ ಬಾರದು.

"ಸಾಹುಕಾರಗ ಗೊತ್ತಾಗಬಾರದು," ಎಂದ ಅಬ್ಬಾ. "ಕಣ್ಣಿಲ್ಲದ ಡ್ರೈವರನ್ನ ಯಾರರ ಇಟ್ಕೋತಾರೇನ?"

ಹಾವೇರಿಯ ಡಾಕ್ಟರರೊಬ್ಬರು ಔಷಧಿ ಕೊಡಲಿಲ್ಲ, ಅಭ್ಯಾಸ ಕೊಟ್ಟರು. ಗುಲಾಬಿ, ಲಿಂಬೆ, ಲವಂಗ, ನೀಲಗಿರಿ ಎಣ್ಣೆ, ಈ ನಾಲ್ಕನ್ನು ಮುಂಜಾನೆ ಸಂಜೆ ಒಂದೊಂದಾಗಿ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಅದರ ವಾಸನೆ ಹೇಗಿತ್ತೆಂದು ನೆನೆಯಬೇಕು. ಇಷ್ಟೇ. ಬಸ್ಸಿನಲ್ಲಿ ವಾಪಸು ಬರುವಾಗ ಅಬ್ಬಾ, ಇದಕ್ಕೆ ಡಾಕ್ಟರ್ ಯಾಕೆ ಬೇಕು, ಹೂ ಮಾರುವ ಮುದುಕಿಯೇ ಸಾಕಿತ್ತು ಎಂದು ಗೊಣಗಿದ. ಆದರೆ ಮರುದಿನದಿಂದಲೇ ಕಟ್ಟೆಯ ಮೇಲೆ ಕುಳಿತ. ನಾನು ಎದುರಿಗೆ ಕುಳಿತು 'ಸರಿ', 'ತಪ್ಪು' ಎಂದು ಎರಡು ಸಾಲು ಗೆರೆ ಎಳೆದು ಬರೆದುಕೊಳ್ಳುತ್ತಿದ್ದೆ. 'ಸರಿ'ಯ ಸಾಲು ಖಾಲಿಯೇ ಉಳಿಯಿತು. ಎದುರುಮನೆಯ ಗಂಗಮ್ಮನಿಗೆ ಮಾತ್ರ ತಡೆಯಲಾಗಲಿಲ್ಲ.

"ಅಲ್ಲ ಮುಮ್ತಾಜ, ನಿಮ್ಮ ಮನಿಯವರು ದಿನಾ ಮುಂಜಾನೆ ಗುಲಾಬಿ ಹಿಡ್ಕೊಂಡು ಕಣ್ಣ ಮುಚ್ಚಿ ಕುಂದರ್ತಾರಲ್ಲ, ಯಾರ ನೆನಪಿಗೆ?"

"ನನ್ನ ನೆನಪಿಗೇ ರೀ," ಎಂದಳು ಅಮ್ಮಿ. "ನಾ ಒಳಗ ಅದೇನಿ ಅನ್ನೂದು ಮರ್ತಾರ."

ದಾದಿಗೆ ಡಾಕ್ಟರರ ಮೇಲೆ ನಂಬಿಕೆ ಇರಲಿಲ್ಲ. ಅಷ್ಟು ಒಳ್ಳೆಯ ಮೂಗಿಗೆ ಊರಿನ ದೃಷ್ಟಿ ತಗುಲಿದೆ ಎಂದು ಆಕೆಯ ತೀರ್ಮಾನ. ದೃಷ್ಟಿ ತೆಗೆಯುವ ಪದ್ಧತಿ ಎಲ್ಲರಿಗೂ ಗೊತ್ತು: ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಬೇಕು. ಘಾಟು ಬಂದರೆ ದೃಷ್ಟಿ ಆಗಿಲ್ಲ, ಬರದಿದ್ದರೆ ಆಗಿದೆ. ಬ್ಯಾಡಗಿ ಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ; ಅದಕ್ಕೆ ದಾದಿ ಎಲ್ಲಿಂದಲೋ ಗುಂಟೂರು ಕಾಯಿ ತರಿಸಿದ್ದಳು. ಒಂದು ಮುಂಜಾನೆ ಮಗನನ್ನು ಕೂಡಿಸಿ, ನಿವಾಳಿಸಿ, ಕೆಂಡಕ್ಕೆ ಹಾಕಿದಳು. ನಾವೆಲ್ಲ ಕೆಮ್ಮತೊಡಗಿದೆವು. ಆದರೆ ದಾದಿಯ ಪ್ರಕಾರ ಸಾಕ್ಷಿ ಹೇಳಬೇಕಾದವನು ದೃಷ್ಟಿ ತಗುಲಿದವನೇ.

"ಖಾದರ, ವಾಸನಿ ಬಂತೇನಪಾ?"

"ಕೆಮ್ಮು ಬಂತು. ವಾಸನಿ ಬರಲಿಲ್ಲ."

"ಬರಲಿಲ್ಲ? ಅಯ್ಯೋ, ಬಾಳ ದೃಷ್ಟಿ ಆಗೇತಿ!" ಎಂದು ದಾದಿ ಇನ್ನೊಂದು ಹಿಡಿ ಹಾಕಿದಳು. "ಈಗ?"

ಅಬ್ಬಾ ಸುಳ್ಳು ಹೇಳಿದ್ದರೆ ಎಲ್ಲರೂ ಬದುಕುತ್ತಿದ್ದೆವು. ಆದರೆ ವಾಸನೆಯ ವಿಷಯದಲ್ಲಿ ಅವನು ಎಂದೂ ಸುಳ್ಳು ಹೇಳಿದವನಲ್ಲ. ಇಲ್ಲವೆಂದು ಮತ್ತೆ ತಲೆಯಾಡಿಸಿದ. ಮೂರನೆಯ ಹಿಡಿಗೆ ಗಂಗಮ್ಮನ ಮನೆ ಕೆಮ್ಮಿತು, ನಾಲ್ಕನೆಯದಕ್ಕೆ ಓಣಿಯೇ ಕೆಮ್ಮಿತು. ಕೊರೊನಾದ ಕಾಲದಲ್ಲಿ ಒಂದು ಓಣಿ ಒಟ್ಟಿಗೇ ಕೆಮ್ಮಿದರೆ ಏನಾಗಬೇಕೋ ಅದೇ ಆಯಿತು. ಆಶಾ ಕಾರ್ಯಕರ್ತೆ ರೇಣುಕಾ ಅಕ್ಕ ಎರಡು ಮಾಸ್ಕ್ ಹಾಕಿಕೊಂಡು ಬಂದು ದೂರದಲ್ಲೇ ನಿಂತಳು.

"ಈ ಮನ್ಯಾಗ ಎಷ್ಟ ಮಂದಿಗೆ ಕೆಮ್ಮೈತ್ರಿ?"

"ನಾಕೂ ಮಂದಿಗೆ!" ಎಂದಳು ದಾದಿ, ಕಣ್ಣೊರೆಸಿಕೊಳ್ಳುತ್ತ.

"ಯಾವಾಗಿಂದ?"

"ಈಗಿಂದ!"

ಮಧ್ಯಾಹ್ನದೊಳಗೆ ಇಡೀ ಓಣಿಯ ಮೂಗುಗಳ ಪರೀಕ್ಷೆ ನಡೆಯಿತು. ತನ್ನ ಸರದಿ ಬಂದಾಗ ದಾದಿ, "ಮೂಗ ಕೆಟ್ಟದ್ದು ನನ್ನ ಮಗಂದು, ನನ್ನ ಮೂಗಿನ್ಯಾಗ ಯಾಕ ಕಡ್ಡಿ ಹಾಕ್ತೀ?" ಎಂದು ರಂಪ ಮಾಡಿದಳು. ಯಾರಿಗೂ ಏನೂ ಇರಲಿಲ್ಲ. ಗಂಗಮ್ಮ ಒಂದು ತಿಂಗಳು ನಮ್ಮೊಡನೆ ಮಾತು ಬಿಟ್ಟಳು.

ಮಳೆಗಾಲ ಮುಗಿಯುತ್ತ ಬಂದಾಗ, ಒಂದು ಮುಂಜಾನೆ ಅಮ್ಮಿ ಉಳ್ಳಾಗಡ್ಡಿ ಹುರಿಯುತ್ತಿದ್ದಳು. ನಡುಮನೆಯಿಂದ ಅಬ್ಬಾ ಕೂಗಿದ.

"ಬಂತು! ವಾಸನಿ ಬಂತು!"

ದಾದಿ ತಸಬಿ ಮಣಿ ಬಿಟ್ಟು ಓಡಿದಳು. ಅಮ್ಮಿ ಸೌಟು ಹಿಡಿದೇ ಓಡಿದಳು. "ಏನ ಬಂತ್ರಿ?"

ಅಬ್ಬಾ ಇನ್ನೊಮ್ಮೆ ಉಸಿರೆಳೆದ. ಮುಖ ಸಣ್ಣದಾಯಿತು. "ಸುಟ್ಟ ಟಯರು," ಎಂದ.

ಅಂದಿನಿಂದ ಎಲ್ಲ ವಾಸನೆಗಳೂ ಬಂದವು, ಆದರೆ ಬೇರೆಯವರ ಅಂಗಿ ಹಾಕಿಕೊಂಡು ಬಂದವು. ಚಹಾಕ್ಕೆ ಹಸಿ ಸಿಮೆಂಟಿನ ವಾಸನೆ. ಗುಲಾಬಿಗೆ ಬಟ್ಟೆ ಸೋಪಿನದು. ದಾದಿಯ ಪ್ರೀತಿಯ ಮೀನಿಗೆ ಶಾಲೆಯ ಸೀಮೆಸುಣ್ಣದ ಪುಡಿಯದು. ಡಾಕ್ಟರರಿಗೆ ಫೋನು ಮಾಡಿದರೆ ಅವರು ಖುಷಿಪಟ್ಟರು. "ವೈರು ತಪ್ಪು ಕೂಡ್ಯಾವ್ರಿ. ಆದ್ರ ಕೂಡಾಕತ್ತಾವಲ್ಲ!" ಅಬ್ಬಾನಿಗೆ ಖುಷಿಯಾಗಲಿಲ್ಲ. ಏನೂ ಬರದಿದ್ದಾಗ ಅವನು ಕಣ್ಣು ಮುಚ್ಚಿಯಾದರೂ ಉಣ್ಣುತ್ತಿದ್ದ. ಈಗ ಅಡುಗೆಮನೆಯ ಹತ್ತಿರವೇ ಬಾರದಾದ. ತಣ್ಣನೆಯ ಮೊಸರನ್ನ, ಬಾಳೆಹಣ್ಣು, ಅಷ್ಟೇ. ಅಂಗಿಯ ಕಾಲರಿನೊಳಗೆ ಕುತ್ತಿಗೆ ಸಡಿಲಾಯಿತು. ಒಂದು ದಿನ ಅವನು ಲವಂಗದ ಡಬ್ಬಿಯನ್ನು ಕಟ್ಟೆಗೆ ತರುವುದನ್ನೇ ಬಿಟ್ಟ. ನಾನು ಪೆನ್ಸಿಲು ಹಿಡಿದು ಕುಳಿತಿದ್ದೆ. "ಏಳ ಶಬ್ಬು, ಸಾಲಿಗೆ ಹೊತ್ತಾತು" ಎಂದಷ್ಟೇ ಹೇಳಿದ. ಅವತ್ತು ರವಿವಾರ.

ಜಗಳ ಆದದ್ದು ಅದೇ ಮಧ್ಯಾಹ್ನ. ಅಮ್ಮಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಅಬ್ಬಾ ತಾಟು ದೂರ ಸರಿಸಿದ.

"ಇವತ್ತೂ ಟಯರೇನ್ರಿ?" ಅಮ್ಮಿಯ ದನಿ ಏರಿತ್ತು.

"ಟಯರು."

"ನಿನ್ನೀನೂ ಟಯರು. ಮೊನ್ನೀನೂ ಟಯರು. ನಾ ಏನ ಗ್ಯಾರೇಜ್ ಇಟ್ಟೇನೇನ್ರಿ?"

"ಉಳ್ಳಾಗಡ್ಡಿ ಯಾವಾಗ ಹುರಿದ್ರೂ ಟಯರ ಬರ್ತೈತಿ. ನಾ ಏನ ಮಾಡ್ಲಿ?"

ಅಮ್ಮಿ ಬಡಿಸುವ ಸೌಟನ್ನು ಕೆಳಗಿಟ್ಟಳು. "ಯಾವಾಗ ಹುರಿದ್ರೂ?"

"ಯಾವಾಗ ಹುರಿದ್ರೂ."

"ಒಂದ ಸಲಾನೂ ಸೋಪು ಬಂದಿಲ್ಲ?"

"ಸೋಪು ಗುಲಾಬಿದಲ್ಲೇನ!" ಅಬ್ಬಾನಿಗೆ ಸಿಟ್ಟೇ ಬಂತು, ತನ್ನ ಕಸುಬನ್ನು ಯಾರೋ ಹೀಯಾಳಿಸಿದಂತೆ. "ಸೋಪಿಗೂ ಟಯರಿಗೂ ಫರಕು ಗೊತ್ತಾಗೂದಿಲ್ಲೇನ ನನಗ?"

"ಹಂಗಾರ ನಿಮಗ ಎಲ್ಲಾ ಗೊತ್ತಾಗಾಕತ್ತೈತಿ," ಎಂದಳು ಅಮ್ಮಿ ನಿಧಾನವಾಗಿ, ತಾಟಿನ ಎದುರು ಕುಳಿತುಕೊಳ್ಳುತ್ತ. "ಹೆಸರಷ್ಟ ಬ್ಯಾರೆ ಆಗ್ಯಾವ."

ಮೆಣಸಿನಕಾಯಿಯ ಪಾಠ ಶುರುವಾದದ್ದು ಹೀಗೆ. ಅಮ್ಮಿ ನನ್ನ ಕೈಯಿಂದ ಪಟ್ಟಿ ಇಸಿದುಕೊಂಡು 'ಸರಿ', 'ತಪ್ಪು' ಎಂಬ ಎರಡನ್ನೂ ಹೊಡೆದು ಹಾಕಿ, "ಏನ ಬಂತು ಅಷ್ಟ ಬರಿ" ಎಂದಳು. ನನಗೆ ಕಸಿವಿಸಿಯಾಯಿತು, ಅಂಕ ಕೊಡದೆ ಬರೆಯುವುದು ಹೇಗೆಂದೇ ಗೊತ್ತಿರಲಿಲ್ಲ. ಬರೆಯುತ್ತ ಹೋದಂತೆ ನೋಡುವುದೂ ಬದಲಾಯಿತು. ಒಳ್ಳೆಯ ಒಣಗಿದ ಕಾಯಿ ಅಬ್ಬಾನಿಗೆ ಹೊಸ ಚಪ್ಪಲಿಯಂತೆ ಬರುತ್ತಿತ್ತು. ಕೋಲ್ಡ್ ಸ್ಟೋರೇಜಿನ ಹಳೆಯದು ನೆನೆದ ಕಂಬಳಿಯಂತೆ. ಬೂಸ್ಟು ಬಂದದ್ದು ಮಾತ್ರ ಮಲ್ಲಿಗೆಯಂತೆ. ಬೇಡವಾದದ್ದಕ್ಕೇ ಎಲ್ಲಕ್ಕಿಂತ ಚೆಂದದ ವಾಸನೆ ಬಂದದ್ದು ಅಬ್ಬಾನಿಗೆ ಬಹಳ ದಿನ ಅವಮಾನವಾಗಿತ್ತು. ಬೂಸ್ಟು ತಯಾರಿಸುವ ಜವಾಬ್ದಾರಿ ಅಮ್ಮಿಯದು. ಕಾಯಿಗೆ ನೀರು ಚಿಮುಕಿಸಿ ಡಬ್ಬಿಯಲ್ಲಿ ಮುಚ್ಚಿಟ್ಟು, ದಿನಾ ತೆರೆದು ಮೂಸಿ, ಎಂದು ಶುರುವಾಯಿತು, ಎಲ್ಲಿಗೆ ಬಂತು ಎಂದು ನೋಡುತ್ತಿದ್ದಳು. ಸಂಜೆ ದಾದಿಯ ದುಪಟ್ಟಾದಿಂದ ಅಬ್ಬಾನ ಕಣ್ಣು ಕಟ್ಟಿ, ಒಂದೊಂದೇ ಕಾಯಿ ಮುರಿದು ಮೂಗಿಗೆ ಹಿಡಿಯುತ್ತಿದ್ದೆವು. "ಚಪ್ಪಲಿ." "ಕಂಬಳಿ." "ಮಲ್ಲಿಗಿ, ಸಣ್ಣ ಮಲ್ಲಿಗಿ, ಈಗಷ್ಟ ಮೊಗ್ಗು." ದಾದಿ ನಡುವೆ ಹುಣಸೆಹಣ್ಣು ಹಿಡಿದು ಮೋಸ ಮಾಡಲು ನೋಡುತ್ತಿದ್ದಳು. ಅಬ್ಬಾ ಮತ್ತೆ ಬೈಯತೊಡಗಿದ. ಬೈದ ಮೊದಲ ದಿನ ಅಮ್ಮಿ ಮೂರು ರೊಟ್ಟಿ ಹೆಚ್ಚಿಗೆ ಮಾಡಿದಳು, ಅವನು ಟಯರಿನ ಜೊತೆಗೇ ತಿಂದ.

ಹೊಸ ಕಾಯಿ ಬರುವುದಕ್ಕೆ ಇನ್ನೂ ಕೆಲವು ದಿನ ಇರುವಾಗ ಶಿವಪ್ಪ ಸಾಹುಕಾರರು ತಾವೇ ನಮ್ಮ ಮನೆಗೆ ಬಂದರು. ಅವರು ಎಂದೂ ಮನೆಗೆ ಬಂದವರಲ್ಲ. ಬಿಳಿ ಪಂಚೆ, ಉದ್ದ ಅಂಗಿ. ಕುರ್ಚಿಯಲ್ಲಿ ಕುಳಿತು ಸೊಂಟ ಒತ್ತಿಕೊಂಡು ಆಚೀಚೆ ನೋಡಿದರು. ಅಮ್ಮಿ ಚಹಾ ತಂದಿಟ್ಟಳು.

"ಖಾದರ, ಹೆಂಗದೀಪಾ? ಜ್ವರ ಬಂದಿತ್ತಂತ?"

"ಆರಾಮ ಅದೇನ್ರಿ ಅಣ್ಣಾರ."

"ಮತ್ತ ಇದು?" ಸಾಹುಕಾರರು ತಮ್ಮ ಮೂಗು ಮುಟ್ಟಿ ತೋರಿಸಿದರು.

"ಐತ್ರಿ," ಎಂದ ಅಬ್ಬಾ. ಅದು ಸುಳ್ಳಲ್ಲ.

ಸಾಹುಕಾರರು ಅಂಗಿಯ ಬಲ ಜೇಬಿನಿಂದ ಒಂದು ಹಿಡಿ ಕಾಯಿ ತೆಗೆದು ಕೊಟ್ಟರು. ಅಬ್ಬಾ ಒಂದನ್ನು ಮುರಿದು ಮೂಸಿದ. ಮುಖ ಅರಳಿತು. "ಚಲೋ ಮಾಲು. ಈ ವರ್ಷದ್ದು, ಮೊದಲನೇ ಕಟಾವಿಂದು, ಮಾರ್ಕೆಟ್ಟಿಗೆ ಬರೂಕಿಂತ ಮೊದಲ ಹೊಲದಿಂದ ತರಿಸೀರಿ." ಎರಡನೆಯ ಹಿಡಿ ಕರವಸ್ತ್ರದಿಂದ ಬಂತು. ಅಬ್ಬಾ ಮೂಸಿ, ತಡೆದು, ಮತ್ತೆ ಮೂಸಿದ. "ಇದು ಬ್ಯಾಡ್ರಿ. ಒಳಗ ಬೂಸ್ಟು ಐತಿ." ಸಾಹುಕಾರರು ಕಾಯಿಗಳನ್ನು ಸೀಳಿ ಬೆಳಕಿಗೆ ಹಿಡಿದು ನೋಡಿದರು, ನಾಲ್ಕನೆಯದರೊಳಗೆ ಬೀಜದ ಬುಡದಲ್ಲಿ ಬೂದಿಯಂಥ ಬಿಳುಪು ಕಂಡಿತು. ಅವರ ಮುಖದ ಬಿಗಿ ಸಡಿಲವಾಯಿತು. ಅಮ್ಮಿ ಬಾಗಿಲ ಸಂದಿಯಲ್ಲಿ ನನ್ನ ಭುಜ ಹಿಸುಕಿದಳು. ಆಮೇಲೆ ಸಾಹುಕಾರರು ಎಡ ಜೇಬಿಗೆ ಕೈ ಹಾಕಿ ಮೂರನೆಯ ಹಿಡಿ ಕೊಟ್ಟರು.

ಅಬ್ಬಾ ಮೂಸಿದ. ಮುರಿದು ಮೂಸಿದ. ಬೆರಳಿಗೆ ತಿಕ್ಕಿ ಮೂಸಿದ. ಚಪ್ಪಲಿಯಲ್ಲ, ಕಂಬಳಿಯಲ್ಲ, ಮಲ್ಲಿಗೆಯಲ್ಲ. ನಾವು ಕಲಿಸದೇ ಇದ್ದ ವಾಸನೆ ಬಂದಿತ್ತು. ಏನಾದರೊಂದು ಹೇಳಿಬಿಡಬಹುದಿತ್ತು, ನೋಡಲು ಕಾಯಿ ಚೆನ್ನಾಗಿಯೇ ಇತ್ತು. ಅಬ್ಬಾ ಹಿಡಿಯನ್ನು ಚಹಾದ ತಾಟಿನಲ್ಲಿಟ್ಟ.

"ಅಣ್ಣಾರ, ಇದು ನನಗ ಗೊತ್ತಾಗವಲ್ದು," ಎಂದ. "ಖರೇ ಹೇಳ್ತೇನಿ. ಜ್ವರ ಬಂದಾಗ ನನ್ನ ಮೂಗು ಹೋತು. ಈಗ ಬಂದೈತಿ, ಆದ್ರ ಎಲ್ಲಾ ಅದಲಬದಲ ಬರ್ತೈತಿ. ಚಲೋ ಕಾಯಿ ನನಗ ಚಪ್ಪಲಿಗತೆ ಬರ್ತೈತಿ. ಇದು ಕಬ್ಬಣದ ಗೇಟಿನ ಗತೆ ಬರಾಕತ್ತೈತಿ. ಇದು ಯಾವ ಮಾಲೋ ಅಲ್ಲಾನ ಬಲ್ಲ."

ಒಳಗಿನಿಂದ ದಾದಿಯ ದನಿ ಬಂತು.

"ಅಯ್ಯ, ಯಾರವ್ವಾ ಅದು, ಮೆಣಸಿನಕಾಯಿಗೆ ಸೊಂಟನೋವಿನ ಮುಲಾಮ ಹಚ್ಚಿದವರು? ಇಲ್ಲೀಮಟಾ ನಾರಾಕತ್ತೈತಿ!"

ಖರೆ. ಆ ಹಿಡಿ ಜೇಬಿನಿಂದ ಹೊರಬಂದ ಕ್ಷಣದಿಂದ ನಾನೂ ಅಮ್ಮಿಯೂ ಮೂಗು ಮುಚ್ಚಿಕೊಂಡು ನಿಂತಿದ್ದೆವು; ಅದೂ ಪರೀಕ್ಷೆಯ ಒಂದು ಭಾಗವಿರಬೇಕೆಂದು ತಿಳಿದಿದ್ದೆವು. ಸಾಹುಕಾರರು ಗಾಬರಿಯಿಂದ ಜೇಬಿಗೆ ಕೈ ಹಾಕಿ ಮುಲಾಮಿನ ಡಬ್ಬಿ ತೆಗೆದರು. ಮುಚ್ಚಳ ಜೇಬಿನಲ್ಲೇ ಉಳಿದಿತ್ತು. ಬಿಳಿ ಅಂಗಿಯ ಎಡಭಾಗವೆಲ್ಲ ಹಸಿರಾಗಿತ್ತು.

ಅಮ್ಮಿ ಬಾಗಿಲಿನಿಂದ ಈಚೆ ಬಂದಳು. "ಅಣ್ಣಾರ," ಎಂದಳು ಮೆತ್ತಗೆ, "ಇಷ್ಟೊತ್ತಿನತನಾ ಜೇಬಿನ್ಯಾಗ ಇಟ್ಕೊಂಡಿದ್ರಿ. ನಿಮಗ ವಾಸನಿ ಬರ್ಲಿಲ್ಲೇನ್ರಿ?"

ಸಾಹುಕಾರರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇಲ್ಲ ತಂಗೆವ್ವ," ಎಂದರು. "ನನಗೂ ಜ್ವರ ಬಂದಿತ್ತು. ಅವತ್ತಿಂದ ಒಂದ ವಾಸನೀನೂ ಇಲ್ಲ. ಮನ್ಯಾಗ ಹೇಳಿಲ್ಲ, ಅಂಗಡ್ಯಾಗ ಹೇಳಿಲ್ಲ. ಖಾದರ ಅದಾನಲ್ಲ ಅಂತ ಸುಮ್ನಿದ್ದೆ. ನಿನ್ನೆ ಯಾರೋ ಖಾದರಂದೂ ಹೋಗೇತಿ ಅಂದ್ರು. ನಿದ್ದಿ ಹತ್ತಲಿಲ್ಲ. ಕಾಯಿ ತಗೊಂಡು ಬಂದೆ."

ಅಬ್ಬಾ ಅವರನ್ನೇ ನೋಡುತ್ತಿದ್ದ. ಮೊದಲು ಅವನ ಹೊಟ್ಟೆ ಕುಲುಕಿತು, ಆಮೇಲೆ ಭುಜ. ಸಾಹುಕಾರರೂ ಶುರು ಮಾಡಿದರು. ಇಡೀ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೂಗು ಹೋದದ್ದನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಓಡಾಡಿದ್ದ ಇಬ್ಬರು ಗಂಡಸರು ನಮ್ಮ ನಡುಮನೆಯಲ್ಲಿ ಕಣ್ಣೀರು ಬರುವಂತೆ ನಕ್ಕರು. ಹೋಗುವಾಗ ಸಾಹುಕಾರರು, "ನಿನಗರ ಚಪ್ಪಲಿ ಬರ್ತೈತಲ್ಲೋ ಮಾರಾಯಾ. ಅದನ್ನ ಹೆಂಗ ತರಿಸ್ಕೊಂಡಿ, ನನಗೂ ಕಲಿಸು" ಎಂದರು.

ಆ ಹಂಗಾಮಿನಲ್ಲಿ ಅಬ್ಬಾ ಚಪ್ಪಲಿ, ಕಂಬಳಿ, ಮಲ್ಲಿಗೆಯ ಮೇಲೆಯೇ ಮಾಲು ನೋಡಿದ. ಅನುಮಾನ ಬಂದದ್ದನ್ನು ಚೀಲದಲ್ಲಿ ಹಾಕಿ ಮನೆಗೆ ಕಳಿಸುತ್ತಿದ್ದ. ಅಮ್ಮಿ ಒಲೆ ಆರಿಸಿ, ಕೈ ತೊಳೆದು, ಒಂದೊಂದನ್ನೂ ಮುರಿದು ಮೂಸಿ ತೀರ್ಪು ಕೊಡುತ್ತಿದ್ದಳು. ಈಗ ರವಿವಾರ, ಬುಧವಾರದ ಕರ್ಫ್ಯೂ ಹಾಕುತ್ತಿದ್ದವಳು ಆಕೆ. ದಾದಿ ಈಗ ಬೈಯುತ್ತಿದ್ದದ್ದು ಸೊಸೆಯ ಮೂಗನ್ನು. ಸಾಹುಕಾರರು ದಿನಾ ಮುಂಜಾನೆ ನಮ್ಮ ಕಟ್ಟೆಗೆ ಬಂದು ಅಬ್ಬಾನ ಪಕ್ಕದಲ್ಲಿ ಕುಳಿತು ಲಿಂಬೆ, ಲವಂಗ ಮೂಸತೊಡಗಿದರು. ಗಂಗಮ್ಮ ಈಗ ಏನೂ ಕೇಳುತ್ತಿರಲಿಲ್ಲ, ಕುರ್ಚಿ ಹಾಕಿಕೊಂಡು ನೋಡುತ್ತಿದ್ದಳು.

ಬೇಸಿಗೆ ಬರುವ ಹೊತ್ತಿಗೆ ಒಂದು ಗುರುವಾರ ಅಬ್ಬಾ ಮಾರ್ಕೆಟ್ಟಿನ ನಡುವೆಯೇ ಮನೆಗೆ ಓಡಿ ಬಂದ. ಮುಷ್ಟಿಯಲ್ಲಿ ಕಾಯಿ, ಮುಖ ಬಿಳಿಚಿಕೊಂಡಿತ್ತು.

"ಹೋತು ಮುಮ್ತಾಜ. ಚಪ್ಪಲಿ ವಾಸನಿ ಹೋತು. ಮುಂಜಾನಿಂದ ಒಂದ ಕಾಯೀನೂ ಚಪ್ಪಲಿ ಅನ್ನವಲ್ದು."

ಅಮ್ಮಿ ಅವನ ಮುಷ್ಟಿ ಬಿಡಿಸಿ, ಒಂದು ಕಾಯಿ ಮುರಿದು ಮೂಸಿದಳು. "ಇದು ಚಲೋ ಕಾಯಿ ಐತ್ರಿ. ನಿಮಗೇನ ಬರಾಕತ್ತೈತಿ?"

ಅಬ್ಬಾ ಮೂಗಿಗೆ ಹಿಡಿದ. ಕಣ್ಣು ಮುಚ್ಚಿದ.

"ಮೆಣಸಿನಕಾಯಿದು," ಎಂದ.

ಅಮ್ಮಿ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ದಾದಿ ಉರ್ದುವಿನಲ್ಲಿ ಏನೇನೋ ಹೇಳುತ್ತ ಅವನ ಮುಖವನ್ನೆಲ್ಲ ಸವರಿದಳು. ನಾನು ಓಣಿಗೆಲ್ಲ ಹೇಳಲು ಹೊರಟಾಗ ಅಬ್ಬಾ ನನ್ನ ಕೈ ಹಿಡಿದು ನಿಲ್ಲಿಸಿದ.

"ಸಾಹುಕಾರಗ ಹೇಳಬ್ಯಾಡ. ಅವರಿಗಿನ್ನೂ ಏನೂ ಬಂದಿಲ್ಲ. ಅವರೊಬ್ಬರ ಉಳೀತಾರ."

ಮರುದಿನ ಮುಂಜಾನೆ ಸಾಹುಕಾರರು ಎಂದಿನಂತೆ ಬಂದು ಕಟ್ಟೆಯ ಮೇಲೆ ಕುಳಿತು, "ಏನೋ ಖಾದರ, ಇವತ್ತರ ಗುಲಾಬಿ ಗುಲಾಬಿ ಆತೋ?" ಎಂದರು.

"ಎಲ್ಲೀದ್ರಿ ಅಣ್ಣಾರ," ಎಂದ ಅಬ್ಬಾ. "ಇನ್ನೂ ಸೋಪು."

ಹಾಗೆಂದವನು ಹೂವನ್ನು ಮೂಗಿನಿಂದ ತೆಗೆಯಲೇ ಇಲ್ಲ. ಸಾಹುಕಾರರು ತಮ್ಮ ಸರದಿಗೆ ಕೈ ಚಾಚಿಕೊಂಡು ಕುಳಿತೇ ಇದ್ದರು.